ಮುಂಬೈಗೆ ಹೋದ ಗಡ್ಡೆ

ನನಗೆ ಮೊದಲಿನಿಂದಲೂ ಹೇಸಿಕೆ ಹೆಚ್ಚು. ಊಟದ ಹೊತ್ತಿಗೆ ಪಕ್ಕದಲ್ಲಿ ಯಾರಾದರೂ ಮೂಗು ಸೀಟಿದರೆ ನನ್ನ ಊಟ ಅಲ್ಲಿಗೇ ಮುಗಿಯಿತು. ಇಂಥವಳು ಬೆಟಗೇರಿಯ ಮಗ್ಗದ ಮನೆಗೆ ಸೊಸೆಯಾಗಿ ಹೋದೆ. ನೂಲಿಗೆ ಹಾಕುವ ಗಂಜಿ ಹುಳಿತು ನಾರುತ್ತಿತ್ತು, ಬಣ್ಣದ ನೀರು ಗಟಾರದಲ್ಲಿ ನಿಂತು ನಾರುತ್ತಿತ್ತು, ಅತ್ತೆಯ ತಂಬಾಕಿನ ಪೀಕದಾನಿ ಎಲ್ಲಕ್ಕಿಂತ ಹೆಚ್ಚು ನಾರುತ್ತಿತ್ತು. ನಾನು ಸೆರಗನ್ನು ಮೂಗಿಗೆ ಹಿಡಿದರೆ ಅತ್ತೆ ಓಣಿಗೆಲ್ಲ ಕೇಳುವಂತೆ, “ನೋಡ್ರೆವಾ, ಸಂಸ್ಥಾನದಾಕಿಗೆ ನಮ್ಮ ಮನಿ ವಾಸನಿ ಆಗಿ ಬರಂಗಿಲ್ಲ” ಅನ್ನುತ್ತಿದ್ದಳು. ನನ್ನ ತವರು ಲಕ್ಷ್ಮೇಶ್ವರ. ಸ್ವಾತಂತ್ರ್ಯ ಬರುವವರೆಗೆ ಅದು ಸಂಸ್ಥಾನದ ಊರು. ಬೆಟಗೇರಿಯವರು ಬ್ರಿಟಿಷ್ ಸರಕಾರದ ಹದ್ದಿನವರು. ಸಂಸ್ಥಾನ ಹೋಗಿ ವರ್ಷಗಳಾದರೂ ಆ ಹೆಸರು ನನ್ನನ್ನು ಬಿಡಲಿಲ್ಲ.

ಆ ಮನೆಯಲ್ಲಿ ನನ್ನ ಹೇಸಿಕೆಯನ್ನು ಸಹಿಸಿಕೊಂಡವಳು ಒಬ್ಬಳೇ, ನನ್ನ ನೆಗೆಣ್ಣಿ. ಗಂಡನ ಅಣ್ಣನ ಹೆಂಡತಿ. ಮುಂಡರಗಿ ಕಡೆಯ ಕೊರ್ಲಹಳ್ಳಿಯವಳು, ಹೊಳೆದಂಡೆಯ ಊರಿನಲ್ಲಿ ಬೆಳೆದವಳು. ನಾನು ಅವಳನ್ನು ಅಕ್ಕ ಎನ್ನುತ್ತಿದ್ದೆ. ಬಚ್ಚಲ ಗಟಾರ ಕಟ್ಟಿಕೊಂಡು ನಾನು ಬಿಳಿಚಿಕೊಂಡು ನಿಂತಾಗ, “ನೀ ಸರಿಯವಾ, ನಿನ್ನಿಂದ ಆಗೂದಲ್ಲ ಇದು” ಎಂದು ಮೊಳಕೈತನಕ ಕೈ ಹಾಕಿ ಎಳೆದು ತೆಗೆಯುತ್ತಿದ್ದಳು. ಪೀಕದಾನಿಯನ್ನೂ ಅವಳೇ ತೊಳೆಯುತ್ತಿದ್ದಳು. ಆಮೇಲೆ ಬೂದಿ ಹಚ್ಚಿ ಕೈ ತಿಕ್ಕಿಕೊಂಡು ಬಂದು ರೊಟ್ಟಿ ಬಡಿಯಲು ಕುಳಿತುಕೊಳ್ಳುವಳು. ಅವಳ ರೊಟ್ಟಿ ತಿನ್ನಲು ನನಗೆ ಎಂದೂ ಅಳುಕು ಬಂದಿರಲಿಲ್ಲ. ಮದುವೆಯಾಗಿ ಹನ್ನೊಂದು ವರ್ಷವಾದರೂ ಮಕ್ಕಳಿಲ್ಲ ಎಂಬುದೊಂದೇ ಆ ಮನೆಗೆ ಅವಳ ಮೇಲಿದ್ದ ದೂರು.

ನಾನು ಹೋದ ಮೂರನೆಯ ವರ್ಷ, ಕರ್ನಾಟಕ ಒಂದಾಗಬೇಕು ಎಂದು ಗದಗದ ರಸ್ತೆಗಳಲ್ಲಿ ಮೇಲಿಂದ ಮೇಲೆ ಮೆರವಣಿಗೆ ಹೊರಡುತ್ತಿದ್ದ ದಿನಗಳಲ್ಲಿ, ಅಕ್ಕನ ಮುಟ್ಟು ನಿಂತಿತು. ಹೊಟ್ಟೆ ಮೇಲೆ ಬಂತು. ಅತ್ತೆ ಸೂಲಗಿತ್ತಿಯನ್ನು ಕರೆಸಿದಳು. ಆ ಮುದುಕಿ ಸುಣ್ಣ ತಂಬಾಕು ಮೆತ್ತಿದ ಬೆರಳುಗಳಿಂದ ಹೊಟ್ಟೆಯನ್ನು ಹಿಟ್ಟು ನಾದಿದಂತೆ ನಾದಿ, “ಗಂಡು ಕೂಸು. ಬಲಕ್ಕ ಮಲಗೈತಿ” ಎಂದು ಹೇಳಿ ಸೀರೆ ಉಡಿಸಿಕೊಂಡು ಹೋದಳು. ಕೂಸು ಹುಟ್ಟುವ ಮೊದಲೇ ಕುಲಾವಿ ಎಂಬ ಗಾದೆ ಅತ್ತೆಗೆ ಗೊತ್ತಿರಲಿಲ್ಲವೆಂದಲ್ಲ. ಹನ್ನೊಂದು ವರ್ಷ ಕಾದವಳಿಗೆ ಗಾದೆ ಎಲ್ಲಿ ನೆನಪಾಗಬೇಕು?

ಒಂದು ದಿನ ಲಾಳಿಗೆ ನೂಲಿನ ಕಂಡಿಕೆ ಸುತ್ತುತ್ತ ಕುಳಿತಾಗ ಅಕ್ಕ ರಾಟೆ ನಿಲ್ಲಿಸಿ ಮೆಲ್ಲಗೆ ಹೇಳಿದಳು: “ತಂಗೀ, ಇದು ಹೊರಳಂಗಿಲ್ಲ ನೋಡು. ಐದಾತು, ಆರಾತು. ಒಮ್ಮೆನೂ ಒದ್ದಿಲ್ಲ. ಕಲ್ಲು ಕಟಗೊಂಡು ಅಡ್ಡಾಡಿದಂಗ ಆಗತೈತಿ.”

ನಾನು ಏಳನೆಯ ಇಯತ್ತೆಯ ಮುಲ್ಕಿ ಪರೀಕ್ಷೆ ಪಾಸಾದವಳು, ಆ ಓಣಿಯಲ್ಲಿ ಕಾಗದ ಓದಬಲ್ಲ ಒಬ್ಬಳೇ ಹೆಂಗಸು. ಆದರೂ ಏನೆಂದೆ? “ಶಾಂತ ಸ್ವಭಾವದ ಕೂಸು ಇರಬೇಕು ಬಿಡಕ್ಕ, ನಿನ್ನಂಗ” ಎಂದೆ. ಅವಳು ಮತ್ತೆ ಆ ಮಾತು ಎತ್ತಲಿಲ್ಲ.

ಏಳನೆಯ ತಿಂಗಳಿಗೆ ಸೀಮಂತದ ಕುಬಸ ಮಾಡಿದರು. ಕೊರ್ಲಹಳ್ಳಿಯಿಂದ ತವರಿನವರು ಹೋಳಿಗೆ, ಕಡಬು, ಕರ್ಚಿಕಾಯಿಯ ಬುತ್ತಿ ಹೊತ್ತು ಬಂದರು. ಹಸಿರು ಸೀರೆ, ಹಸಿರು ಖಣದ ಕುಬಸ, ಮೊಳಕೈವರೆಗೆ ಹಸಿರು ಬಳೆ. ಅಕ್ಕನನ್ನು ಮಣೆಯ ಮೇಲೆ ಕೂಡಿಸಿ ಓಣಿಯ ಹೆಂಗಸರೆಲ್ಲ ಸಾಲಾಗಿ ಬಂದು ಉಡಿ ತುಂಬಿದರು. ಒಬ್ಬೊಬ್ಬರೂ ಬಾಯಿಗೆ ಒಂದೊಂದು ತುತ್ತು ತುರುಕುವವರೇ, ಹೊಟ್ಟೆ ಸವರುವವರೇ. ದೂರದ ಸಂಬಂಧದ ಹೆಂಗಸೊಬ್ಬಳು ಸೆರಗಿನೊಳಗೇ ಕೈ ಹಾಕಿ ಹೊಕ್ಕುಳ ಮುಟ್ಟಿ ನೋಡಿ, ಅದೇ ಕೈಯಿಂದ ಹೋಳಿಗೆ ಮುರಿದು ತಿನಿಸಿದಳು. ಅಕ್ಕ ಬೆವರುತ್ತಿದ್ದಳು. ಕೊನೆಗೆ ತಡೆಯಲಾರದೆ ಉಡಿಯಲ್ಲಿದ್ದ ಅಕ್ಕಿ ಕೊಬ್ಬರಿಯ ಮೇಲೆಯೇ ಕಾರಿಕೊಂಡಳು. ಹೆಂಗಸರು, “ಬಸುರಿ ವಾಂತಿ, ಚಲೋ ಲಕ್ಷಣ” ಎಂದು ನಕ್ಕು ಹಾಡು ಮುಂದುವರಿಸಿದರು. ಆ ನಗು ನೆನಪಾದರೆ ಇವತ್ತಿಗೂ ನನಗೆ ಮೈ ಉರಿಯುತ್ತದೆ.

ಒಂಬತ್ತು ತುಂಬಿತು, ಹತ್ತು ತುಂಬಿತು. ಬೇನೆ ಇಲ್ಲ. ಹನ್ನೊಂದನೆಯ ತಿಂಗಳಿಗೆ ಓಣಿಯಲ್ಲಿ ಆನೆ ಬಸಿರು ಎಂದು ಮಾತಾಡತೊಡಗಿದರು. ಹೊಟ್ಟೆಯೊಂದು ಬಿಟ್ಟು ಅಕ್ಕನ ಮೈಯೆಲ್ಲ ಒಣಗಿತ್ತು. ಒಂದು ಬೆಳಿಗ್ಗೆ ರೊಟ್ಟಿ ಬಡಿಯುತ್ತಿದ್ದವಳು ಹಿಟ್ಟು ನಾದುವ ಕೊಣಮಿಗೆಯ ಮೇಲೆಯೇ ಮುಗ್ಗರಿಸಿ ಬಿದ್ದು ಒದ್ದಾಡಿದಳು. ಅತ್ತೆ ಬೇನೆ ಬಂತೆಂದು ಸೂಲಗಿತ್ತಿಗೆ ಹೇಳಿ ಕಳಿಸುವಷ್ಟರಲ್ಲಿ ನಾನು ಭಾವನ ಮುಂದೆ ನಿಂತು, “ದವಾಖಾನಿಗೆ ಹೋಗೂಣ್ರಿ, ಇಲ್ಲಾಂದ್ರ ಅಕ್ಕ ಉಳಿಯಂಗಿಲ್ಲ” ಎಂದೆ. ಭಾವ ಕೆಟ್ಟವರಲ್ಲ. ಒಂದು ಮಾತು ಹೇಳಲಿಕ್ಕೂ ಮೊದಲು ತಾಯಿಯ ಮುಖ ನೋಡುವವರು, ಅಷ್ಟೇ. ಅವತ್ತು ಮಾತ್ರ ನೋಡದೆ ಟಾಂಗಾ ತಂದರು.

ಗದಗದ ಆಸ್ಪತ್ರೆಯ ಹೆಣ್ಣು ಡಾಕ್ಟರನ್ನು ಎಲ್ಲರೂ ಬಾಯಿ ಎಂದೇ ಕರೆಯುತ್ತಿದ್ದರು. ಅವರು ಹೊಟ್ಟೆ ಮುಟ್ಟಿ ನೋಡಿ, ಹಸಿರು ಬಳೆ ನೋಡಿ, ನಮ್ಮನ್ನೆಲ್ಲ ನೋಡಿದರು. “ಕುಬಸ ಬ್ಯಾರೆ ಮಾಡೀರಿ? ಇದು ಕೂಸಲ್ಲರಿ, ಗಡ್ಡಿ. ಒಳಗ ತಿರುವಿಕೊಂಡೈತಿ. ಇವತ್ತ ತಗೀಬೇಕು” ಎಂದರು. ಅತ್ತೆ, “ಗಡ್ಡಿ ನಿಮ್ಮ ಕಣ್ಣಾಗ ಐತಿ” ಎಂದಳು. ಬಾಯಿ ಅವಳ ಜೊತೆ ವಾದಕ್ಕೆ ನಿಲ್ಲದೆ ಒಳಗೆ ಹೋದರು.

ಮಧ್ಯಾಹ್ನ ನಮ್ಮನ್ನು ಒಂದು ಕೋಣೆಗೆ ಕರೆದು, ಬಿಳಿ ತಾಟು ಮುಚ್ಚಿದ್ದ ಬಟ್ಟೆ ತೆಗೆದು ತೋರಿಸಿದರು. ನಾನು ನೋಡಬಾರದಿತ್ತು, ನೋಡಿದೆ. ಸಣ್ಣ ಕುಂಬಳಕಾಯಿಯಷ್ಟು ದೊಡ್ಡದು. ಬೂದು ಬಣ್ಣ, ಮೇಲೆ ನೀಲಿ ನರ. ಒಂದು ಮಗ್ಗುಲು ಕೊಯ್ದಿದ್ದರು. ಒಳಗಿಂದ ಹಳದಿ ಜಿಡ್ಡು ಹೆರೆತ ತುಪ್ಪದಂತೆ ಜೋಲುತ್ತಿತ್ತು, ಅದರ ತುಂಬ ಕೂದಲು. ಹೆಣ್ಣಿನ ತಲೆಯ ಕೂದಲಿನಷ್ಟು ಉದ್ದ, ಕರ್ರಗೆ, ಜಿಡ್ಡಿನಲ್ಲಿ ಸಿಂಬಿ ಸುತ್ತಿಕೊಂಡು ಬಿದ್ದಿತ್ತು. ಆ ಕೂದಲಿನ ಬುಡದಲ್ಲಿ ನಾಲ್ಕು ಹಲ್ಲು. ಬಿಳಿ, ಗಟ್ಟಿ, ಖರೇ ಹಲ್ಲು. ಆ ವಾಸನೆಗೆ ನನಗೆ ಹೆಸರು ಗೊತ್ತಿಲ್ಲ. ನಾನು ಹೊರಗೆ ಓಡಿ ಆಸ್ಪತ್ರೆಯ ಬೇವಿನ ಗಿಡದ ಬುಡದಲ್ಲಿ ಕರುಳು ಬಾಯಿಗೆ ಬರುವಂತೆ ಕಾರಿಕೊಂಡೆ. ಒಳಗಿನಿಂದ ಅತ್ತೆಯ ಬೊಬ್ಬೆ ಕೇಳುತ್ತಿತ್ತು: “ಕೂದಲ ಐತಿ! ಹಲ್ಲ ಐತಿ! ನನ್ನ ಮೊಮ್ಮಗನ್ನ ಕೊಯ್ದು ಇಟ್ಟಾರೋ!”

ಬಾಯಿ ತಾಳ್ಮೆಯಿಂದ ತಿಳಿಸಿ ಹೇಳಿದರು. ಇಂಥ ಗಡ್ಡೆ ಮದುವೆಯಾಗದ ಹುಡುಗಿಯರಿಗೂ ಬರುತ್ತದೆ, ಇದಕ್ಕೆ ಗಂಡಸಿನ ಸಂಬಂಧವೇ ಇಲ್ಲ, ಹಲ್ಲು ಕೂದಲು ಬೆಳೆದ ಮಾತ್ರಕ್ಕೆ ಕೂಸಾಗುವುದಿಲ್ಲ ಎಂದರು. ಗಡ್ಡೆ ಬೆಳೆದದ್ದು ಒಂದು ಕಡೆಯ ಅಂಡಾಶಯದಲ್ಲಿ, ಇನ್ನೊಂದು ಕಡೆಯದೂ ಕೆಟ್ಟಿತ್ತು, ಅದನ್ನೂ ತೆಗೆಯಬೇಕಾಯಿತು, ಇನ್ನು ಮಕ್ಕಳಾಗುವುದಿಲ್ಲ ಎಂಬುದನ್ನೂ ಮುಚ್ಚಿಡದೆ ಹೇಳಿದರು. ಕೊನೆಗೆ ಭಾವನನ್ನು ಕೇಳಿದರು:

“ಇಷ್ಟು ದೊಡ್ಡದು ನಾನೂ ನೋಡಿದ್ದಿಲ್ಲ. ಮುಂಬೈದಾಗ ಗಡ್ಡಿಗಳ ಅಭ್ಯಾಸ ಮಾಡೋರು ಅದಾರ. ಸಣ್ಣಗ ಕೊಯ್ದು, ಯಂತ್ರದಾಗ ದೊಡ್ಡದು ಮಾಡಿ ನೋಡಿ, ಇದು ಯಾಕ ಹಿಂಗ ಬೆಳೀತೈತಿ ಅಂತ ತಿಳಕೋತಾರ. ಮುಂದ ಇನ್ನೊಬ್ಬಾಕಿಗೆ ಹಿಂಗಾದ್ರ ಡಾಕ್ಟರಿಗೆ ಜಲ್ದಿ ಗೊತ್ತಾಗತೈತಿ. ಆದ್ರ ಇದು ನಿಮ್ಮ ಮನಿ ಹೆಣಮಗಳ ಮೈಯಾಗಿಂದು. ನೀವು ಹೂಂ ಅಂದ್ರ ಕಳಸ್ತೀನಿ. ಇಲ್ಲಾಂದ್ರ ಇಲ್ಲ.”

ಭಾವ ತಾಯಿಯ ಮುಖ ನೋಡಿದರು.

ಮರುದಿನ ಅತ್ತೆ ಅದನ್ನು ಕೂಸೆಂದೇ ಹುಗಿಯಲು ಹೊಸ ಗಡಿಗೆ, ಬಿಳಿ ಅರಿವೆ, ಅರಿಸಿನ ಕುಂಕುಮ ಹಿಡಿದು ಆಸ್ಪತ್ರೆಗೆ ಬಂದಳು. ಹಿಂದೆ ಕುಲದ ಇಬ್ಬರು ಹಿರಿಯರು. ಬೇಲಿಯ ಪಕ್ಕ ಕುಳಿತು ಅವರ ಪಂಚಾಯಿತಿ ಶುರುವಾಯಿತು. ಹಲ್ಲು ಬರದ ಕೂಸು ಸತ್ತರೆ ಮೂರು ದಿನದ ಸೂತಕ, ಹಲ್ಲು ಬಂದದ್ದು ಸತ್ತರೆ ಹತ್ತು ದಿನ, ಇದು ನಮ್ಮಲ್ಲಿಯ ಕಟ್ಟಳೆ. ಸೂತಕದಲ್ಲಿ ಮಗ್ಗ ಮುಟ್ಟುವಂತಿಲ್ಲ. ಮದುವೆಯ ಕಾಲ, ಅಣ್ಣತಮ್ಮಂದಿರ ಮನೆಗಳ ಮಗ್ಗಗಳೆಲ್ಲ ಹತ್ತು ದಿನ ನಿಲ್ಲಬೇಕು.

“ಹಲ್ಲು ಎಷ್ಟ ಅದಾವು?” ಒಬ್ಬ ಹಿರಿಯ ಕೇಳಿದ.

“ನಾಕು” ಎಂದಳು ಅತ್ತೆ.

“ಬಾಯಿ ಐತೇನು?”

“ಬಾಯಿ ಕಾಣಲಿಲ್ಲ.”

“ಬಾಯಿ ಇಲ್ಲದ ಹಲ್ಲು ಹಲ್ಲ ಅಲ್ಲ. ಮೂರು ದಿನ ಸಾಕು.”

ಇನ್ನೊಬ್ಬ ಹಿರಿಯ ಎಲೆಯಡಿಕೆ ಉಗುಳಿ, “ಸೂತಕ ಹಲ್ಲಿಗೋ, ಬಾಯಿಗೋ? ಅದನ್ನ ಮೊದಲ ಹೇಳು” ಎಂದು ಪಟ್ಟು ಹಿಡಿದ. ಒಳಗೆ ಹೊಟ್ಟೆ ಸೀಳಿಸಿಕೊಂಡು ಒಬ್ಬಳು ನೀರಿಗಾಗಿ ಬಾಯಿ ಬಿಡುತ್ತಿದ್ದಳು. ಹೊರಗೆ ಇವರು ಅರ್ಧ ದಿನ ಹಲ್ಲೆಣಿಸಿದರು. ಆ ಗಡ್ಡೆಗಿಂತ ಹೆಚ್ಚು ಹೇಸಿಕೆ ನನಗೆ ಆ ಇಬ್ಬರ ಮೇಲೆ ಬಂತು.

ಮೂರನೆಯ ದಿನ ಅಕ್ಕನಿಗೆ ಪೂರ್ತಿ ಎಚ್ಚರವಾಯಿತು. ಬಾಯಿಯೇ ಅವಳಿಗೆ ಎಲ್ಲ ಹೇಳಿದರು. ಅಕ್ಕ ಅಳಲಿಲ್ಲ, ಚಾವಣಿ ನೋಡುತ್ತ ಮಲಗಿದ್ದಳು. ಅತ್ತೆ ಬಂದು ಮಂಚದ ಅಂಚಿಗೆ ಕುಳಿತು, ನಾನು ಹಿಂದೆಂದೂ ಕೇಳದ ಮೆತ್ತನೆಯ ದನಿಯಲ್ಲಿ ಮಾತಾಡಿದಳು.

“ಕೂಸು ಸತ್ತು ಹುಟ್ಟಿತು ಅನ್ನೋಣು. ಗಡಿಗ್ಯಾಗ ಹಾಕಿ ಹಿತ್ತಲದಾಗ ಹುಗಿಯೋಣು. ಹಾಲು ತುಪ್ಪ ಬಿಡೋಣು. ಬಂಜಿ ಅನ್ನೋ ಮಾತು ಹೋಗತೈತಿ, ಹಡದಾಕಿ ಅನಸ್ಕೋತಿ. ಅವರಿಗೆ ಕೊಟ್ಟಿ ಅಂದ್ರ ಅದು ಗಡ್ಡಿನ ಆತು, ನೀ ಬಂಜೀನ ಉಳದಿ. ಆಮ್ಯಾಲೆ ನನ್ನ ಮಗಗ ಇನ್ನೊಂದು ಹೆಣ್ಣು ತರದಽ ಗತಿ ಇಲ್ಲ. ವಿಚಾರ ಮಾಡು.”

ಬೆದರಿಕೆಯೇ ಹೌದು. ಆದರೆ ಅವಳಿಗೆ ತಿಳಿದಿದ್ದ ಬಗೆಯ ಅಂತಃಕರಣವೂ ಅದರಲ್ಲಿತ್ತು ಎಂದು ಈಗ ಅನ್ನಿಸುತ್ತದೆ. ಹೂಂ ಎಂದರೆ ಅಕ್ಕನಿಗೆ ಮನೆ ಉಳಿಯುತ್ತಿತ್ತು, ಗಂಡ ಉಳಿಯುತ್ತಿದ್ದ. ಒಂದು ಸುಳ್ಳು ಅಷ್ಟೇ.

ಅಕ್ಕ, “ನನಗ ಅದನ್ನ ತೋರಿಸ್ರಿ” ಎಂದಳು.

ದಾದಿ ಗಾಜಿನ ಬರಣಿ ತಂದಳು. ಅಷ್ಟರಲ್ಲಿ ಅದನ್ನು ಕಣ್ಣಿಗೆ ಚುರುಗುಟ್ಟುವ ಔಷಧದ ನೀರಿನಲ್ಲಿ ಮುಳುಗಿಸಿದ್ದರು. ಕೂದಲು ಆ ನೀರಿನಲ್ಲಿ ಮೆಲ್ಲಗೆ ಆಡುತ್ತಿತ್ತು. ನಾನು ಗೋಡೆಯ ಕಡೆ ಮುಖ ಮಾಡಿದೆ. ಅತ್ತೆ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. ಅಕ್ಕ ದಾದಿಗೆ ಹೇಳಿ ಬರಣಿಯನ್ನು ಆ ಕಡೆ ಈ ಕಡೆ ತಿರುಗಿಸಿ ನೋಡಿದಳು. ಸಂತೆಯಲ್ಲಿ ಸೀರೆಯ ಅಂಚು ನೋಡುವಷ್ಟು ಸಾವಕಾಶವಾಗಿ.

“ಇದು ನನ್ನ ಕೂಸಲ್ಲ” ಎಂದಳು. “ಕೂಸಲ್ಲಂತ ನನಗ ಆರು ತಿಂಗಳದಾಗಽ ಗೊತ್ತಿತ್ತು. ಯಾರೂ ಕೇಳಲಿಲ್ಲ. ಬಂದೋರೆಲ್ಲ ಹೊಟ್ಟಿ ಸವರಿದ್ರು, ಒಳಗೇನೈತಿ ಅಂತ ಒಬ್ಬರೂ ನೋಡಲಿಲ್ಲ. ಆ ಮುಂಬೈದವರರೆ ಸರಿಯಾಗಿ ನೋಡಲಿ. ಎಲ್ಲಿ ಐತಿ ಕಾಗದ?”

ಬಾಯಿ ಕಾಗದವನ್ನು ಭಾವನ ಮುಂದೆ ಹಿಡಿದರು. ಆಗೆಲ್ಲ ಗಂಡನ ಸಹಿಯೇ ನಡೆಯುತ್ತಿತ್ತು. ಭಾವ ಪೆನ್ನು ಹಿಡಿದು ತಾಯಿಯನ್ನೂ ಹೆಂಡತಿಯನ್ನೂ ನೋಡುತ್ತ ನಿಂತರು. ನಾನು ಮುಂದೆ ಬಂದು ಕಾಗದ ಇಸಿದುಕೊಂಡು ಅಕ್ಷರ ಅಕ್ಷರ ಅಕ್ಕನಿಗೆ ಓದಿ ಹೇಳಿದೆ. ಅತ್ತೆ ನನ್ನತ್ತ ಹಲ್ಲು ಕಡಿದಳು. ನಾನು ಹೆದರಲಿಲ್ಲ. ಅಕ್ಕ ಹೆಬ್ಬೆರಳು ಚಾಚಿದಳು. ಬಾಯಿ ನಕ್ಕು, “ಗಡ್ಡಿ ಇಕಿದು, ಹೆಬ್ಬಟ್ಟೂ ಇಕಿದಽ ಇರಲಿ” ಎಂದು ಮಸಿ ತರಿಸಿದರು. ಅತ್ತೆ ಹೊಸ ಗಡಿಗೆಯನ್ನು ಆಸ್ಪತ್ರೆಯ ಮೆಟ್ಟಿಲ ಮೇಲೆ ಒಡೆದು ಹೊರಟು ಹೋದಳು.

ಆಗ ನಮ್ಮ ಸರಕಾರ ಇದ್ದದ್ದು ಮುಂಬೈಯಲ್ಲಿ. ಗದಗದ ಅರ್ಜಿ, ತಕರಾರು ಎಲ್ಲ ಅಲ್ಲಿಗೇ ಹೋಗುತ್ತಿದ್ದವು. ಅಕ್ಕನ ಗಡ್ಡೆಯೂ ಪೆಟ್ಟಿಗೆಯಲ್ಲಿ ಹುಲ್ಲು ಹಾಸಿಕೊಂಡು ರೈಲಿನಲ್ಲಿ ಅಲ್ಲಿಗೇ ಹೋಯಿತು. “ನಾ ಹುಬ್ಬಳ್ಳಿ ದಾಟಿಲ್ಲ, ನನ್ನ ಗಡ್ಡಿ ಮುಂಬೈ ನೋಡಾಕ ಹೋತು” ಎಂದು ಅಕ್ಕ ನಗಲು ಹೋಗಿ ಹೊಲಿಗೆ ಜಗ್ಗಿ ಹೊಟ್ಟೆ ಹಿಡಿದುಕೊಂಡಳು.

ಮನೆಗೆ ಬಂದ ಮೇಲೆ ಅತ್ತೆ ಅವಳಿಗೆ ಬೇರೆ ತಾಟು, ಬೇರೆ ತಂಬಿಗೆ ಮಾಡಿದಳು. “ಮನಿ ಕೂಸನ್ನ ಬರಣ್ಯಾಗ ಹಾಕಿ ಮಾರಿದಾಕಿ” ಎಂದು ಬಂದವರಿಗೆಲ್ಲ ಹೇಳಿದಳು. ಬಂದವರೋ, ಆರೋಗ್ಯ ಕೇಳುವ ನೆವದಲ್ಲಿ ಬಂದು, ಚಹಾ ಕುಡಿದು, ಕೂದಲು ಎಷ್ಟುದ್ದ ಇತ್ತು ಎಂದು ವಿಚಾರಿಸುವವರು. ಬಾಯಿಯಲ್ಲಿ ಛೀ ಎನ್ನುವರು, ಕಣ್ಣಲ್ಲಿ ಇನ್ನಷ್ಟು ಹೇಳು ಎನ್ನುವರು. ಥೂ! ಇಂಥವರ ಎದುರು ನಾನು ಅಕ್ಕನ ಪರವಾಗಿ ಗಂಟಲು ಹರಿದುಕೊಂಡೆ. ಶಾಸ್ತ್ರಜ್ಞಾನ, ಲೋಕೋಪಕಾರ ಎಂದೆಲ್ಲ ಭಾಷಣ ಮಾಡಿದೆ. ನನ್ನಂಥ ತಿಳಿದವಳು ಆ ಓಣಿಯಲ್ಲಿಲ್ಲ ಎಂದು ನನಗೇ ಅನ್ನಿಸಿತ್ತು.

ಆದರೆ ಒಂದು ಮಾತು ಯಾರಿಗೂ ಹೇಳಲಿಲ್ಲ. ಅಕ್ಕ ಮತ್ತೆ ರೊಟ್ಟಿ ಬಡಿಯತೊಡಗಿದ ಮೊದಲ ದಿನ ನನ್ನ ತಾಟಿನಲ್ಲಿ ಒಂದು ಕೂದಲು ಬಂತು. ಯಾರದ್ದೋ ಏನೋ, ನನ್ನದೇ ಇರಬಹುದು. ಹಿತ್ತಲಿಗೆ ಓಡಿದೆ. ಅಂದಿನಿಂದ ಅವಳು ಮಾಡಿದ್ದು ಗಂಟಲಲ್ಲಿ ಇಳಿಯದಾಯಿತು. ಅದೇ ಹೊತ್ತಿಗೆ ನಾನು ಬಸುರಿಯಾದೆ. ಹಾಗಾಗಿ ಎಲ್ಲರೂ ಬಸುರಿನ ಓಕರಿಕೆ ಅಂದುಕೊಂಡರು. ಅಕ್ಕನೂ ಹಾಗೇ ಅಂದುಕೊಂಡು ನನಗಾಗಿ ಹುಣಸೆಹಣ್ಣಿನ ಸಾರು ಕಾಸಿ ತಂದಿಡುತ್ತಿದ್ದಳು. ನಾನು ಯಾರೂ ನೋಡದಾಗ ಅದನ್ನು ಬಚ್ಚಲಿಗೆ ಚೆಲ್ಲುತ್ತಿದ್ದೆ.

ಕೆಲವು ತಿಂಗಳ ಮೇಲೆ ಮುಂಬೈಯಿಂದ ಇಂಗ್ಲಿಷಿನಲ್ಲಿ ಕಾಗದ ಬಂತು. ಬಾಯಿ ಕರೆಸಿ ಓದಿ ಹೇಳಿದರು: ಜೀವ ತೆಗೆಯುವ ಜಾತಿಯ ಗಡ್ಡೆಯಲ್ಲ, ಮತ್ತೆ ಬರುವುದಿಲ್ಲ, ಕೊಟ್ಟವಳಿಗೆ ನಮ್ಮ ಉಪಕಾರಸ್ಮರಣೆ. ಅಕ್ಕ ಆ ಕಾಗದವನ್ನು ಮಡಚಿ ಕುಬಸದೊಳಗೆ ಇಟ್ಟುಕೊಂಡಳು. ಅದೇ ತಿಂಗಳು ಶಿರಹಟ್ಟಿಯಿಂದ ಭಾವನಿಗೆ ಹೆಣ್ಣು ತರುವ ಮಾತು ಮುಗಿಯಿತು. ಅಕ್ಕ ಜಗಳವಾಡಲಿಲ್ಲ. ತನ್ನ ಎರಡು ಸೀರೆ ಗಂಟು ಕಟ್ಟಿಕೊಂಡು ಕೊರ್ಲಹಳ್ಳಿಗೆ ಹೋದಳು. ಭಾವ ಬಸ್ಸಿನತನಕ ಗಂಟು ಹೊತ್ತರು, ಅಷ್ಟು ಮಾಡಿದರು.

ರಾಜ್ಯ ಒಂದಾಯಿತು, ಊರೂರಲ್ಲಿ ಸಕ್ಕರೆ ಹಂಚಿದರು. ಅದಾಗಿ ಸ್ವಲ್ಪ ದಿನಕ್ಕೆ ಲಕ್ಷ್ಮೇಶ್ವರದ ತವರಿನಲ್ಲಿ ನನಗೆ ಗಂಡು ಮಗು ಹುಟ್ಟಿತು. ಹದಿನೈದು ದಿನದ ಬಾಣಂತಿ ನಾನು, ಕೋಣೆಯಲ್ಲಿ ಕೆಂಡಕ್ಕೆ ಮೈ ಕಾಸಿಕೊಂಡು ಮಲಗಿದ್ದಾಗ ಅಕ್ಕ ಬಂದಳು. ಮುಂಡರಗಿಯಲ್ಲೊಮ್ಮೆ, ಶಿರಹಟ್ಟಿಯಲ್ಲೊಮ್ಮೆ ಬಸ್ಸು ಬದಲಿಸಿ, ಧೂಳು ತುಂಬಿದ ಮುಖದಲ್ಲಿ ನಗುತ್ತ ಬಂದಿದ್ದಳು. ಮೈ ತುಂಬಿಕೊಂಡಿತ್ತು, ಗೆಲುವಾಗಿದ್ದಳು. ಕೈಕಾಲು ತೊಳೆದು ಬಂದು ಅಂಟಿನುಂಡಿಯ ಡಬ್ಬಿಯನ್ನು ನನ್ನ ತಲೆದಿಂಬಿನ ಪಕ್ಕ ಇಟ್ಟು, ಎರಡೂ ಕೈ ಚಾಚಿದಳು.

“ಕೊಡವಾ, ನೋಡೂಣು ನನ್ನ ಅರಸನ್ನ.”

ಅಲ್ಲಿ ಅತ್ತೆ ಇರಲಿಲ್ಲ, ಹಿರಿಯರಿರಲಿಲ್ಲ, ಬಾಯಿ ಬಡಿಯುವ ಓಣಿಯ ಹೆಂಗಸರಿರಲಿಲ್ಲ. ತಪ್ಪು ಹೊರಿಸಲು ನನ್ನನ್ನು ಬಿಟ್ಟು ಬೇರೆ ಯಾರೂ ಇರಲಿಲ್ಲ. ಅವಳ ಕೈ ಕಂಡದ್ದೇ ಬರಣಿಯಲ್ಲಿ ಆಡುತ್ತಿದ್ದ ಕೂದಲು ಕಣ್ಣಿಗೆ ಬಂತು. ಕೂಸನ್ನು ಎದೆಗೆ ಅವಚಿಕೊಂಡು ಗೋಡೆಯ ಕಡೆ ಸರಿದೆ.

“ಈಗರೆ ಮಲಗ್ಯಾನಕ್ಕ. ಎತ್ತಿದ್ರ ಅಳ್ತಾನ” ಎಂದೆ.

ಕೂಸು ಕಣ್ಣು ಪಿಳಿಪಿಳಿ ಬಿಟ್ಟುಕೊಂಡು ಕಾಲು ಒದೆಯುತ್ತಿತ್ತು. ಅಕ್ಕ ಕೂಸನ್ನು ನೋಡಿದಳು, ನನ್ನ ಮುಖ ನೋಡಿದಳು. ಚಾಚಿದ ಕೈಗಳನ್ನು ಮಡಿಲಿಗೆ ತಂದುಕೊಂಡಳು. “ಮಲಗಲಿ ಬಿಡು” ಎಂದಳು. ನನ್ನ ಅವ್ವ ತಂದ ಚಹಾ ಕುಡಿದು, ಕೊರ್ಲಹಳ್ಳಿಯ ಬೆಳೆಯ ಮಾತಾಡಿ, ಬಸ್ಸಿನ ಹೊತ್ತಾಯಿತೆಂದು ಎದ್ದಳು. ಉಂಡಿಯ ಡಬ್ಬಿಯನ್ನು ನಾನು ಇನ್ನೂ ಮುಟ್ಟಿರಲಿಲ್ಲ. ಬಾಗಿಲಿಗೆ ಹೋದವಳು ಅದನ್ನು ನೋಡಿ ತಿರುಗಿ ನಿಂತಳು.

“ಉಂಡಿ ನಾ ಕಟ್ಟಿಲ್ಲವಾ” ಎಂದಳು. “ನಮ್ಮವ್ವ ಕಟ್ಯಾಳ. ತಿನ್ನು.”